ಒಣ ಸೀಮೆಯ ಹಾವಿಗೆ ಒದ್ದೆ ಮನೆ

ಹಾವಿಗೆ ಕಣ್ಣಿನ ರೆಪ್ಪೆ ಇಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ರೆಪ್ಪೆಯ ಬದಲು ಅದರ ಕಣ್ಣಿನ ಮೇಲೆ ಒಂದು ಪಾರದರ್ಶಕ ಹುರುಪೆ ಇದೆ. ಪೊರೆ ಬಿಡುವಾಗಲೆಲ್ಲ ಹಾವು ಆ ಹುರುಪೆಯನ್ನೂ ಕಳಚಿಟ್ಟು ಹೋಗುತ್ತದೆ! ಮೂತಿಯಿಂದ ಬಾಲದ ತುದಿಯವರೆಗಿನ ಚರ್ಮದ ಜೊತೆಗೆ ಕಣ್ಣಿನ ಮೇಲ್ಮೈಯನ್ನೂ ವರ್ಷಕ್ಕೆ ಹಲವು ಸಲ ಹೊಸದು ಮಾಡಿಕೊಳ್ಳುವ ಪ್ರಾಣಿ ನಮ್ಮ ಹೊಲದ ಬದುವಿನಲ್ಲೇ ಓಡಾಡಿಕೊಂಡಿದೆ. ನಾವು ಅದನ್ನು ನೋಡಿದ ಕೂಡಲೇ ಕೋಲು ಹುಡುಕುತ್ತೇವೆ, ಇಲ್ಲವೇ ಕೈ ಮುಗಿಯುತ್ತೇವೆ. ಎರಡರ ನಡುವೆ ಅದರ ಕಣ್ಣನ್ನು ನೋಡುವವರು ಯಾರು?

ಶ್ರೀನಿವಾಸಪುರದ ಕಡೆ ಒಂದು ಮಾವಿನ ತೋಪಿನ ಅಂಚಿನಲ್ಲಿ, ಪೇರಿಸಿಟ್ಟ ಕಲ್ಲುಗಳ ಸಂದಿಯಿಂದ ಪೊರೆಯೊಂದು ಜೋತಾಡುತ್ತಿತ್ತು. "ಕೇರೆ ಹಾವುದು ಬಿಡಿ, ಪೊರೆ ಬಿಟ್ಟೈತೆ, ಅದೇನೂ ಮಾಡಲ್ಲ" ಎಂದರು ತೋಪಿನ ಕಾವಲಿನವರು. ಅವರ ಪಾಲಿಗೆ ಅದು ದಿನನಿತ್ಯದ ಸಂಗತಿ. ಭೂತಗನ್ನಡಿ ಹಿಡಿದು ಅದರ ತಲೆಯ ಭಾಗ ನೋಡುತ್ತ ಕೂತ ನನಗೆ ಮಾತ್ರ ಹೊತ್ತು ಹೋದದ್ದೇ ತಿಳಿಯಲಿಲ್ಲ. ಎರಡು ಕಣ್ಣುಗಳ ಜಾಗದಲ್ಲಿ ಎರಡು ಪುಟ್ಟ ಗುಂಡನೆಯ ಗುಮ್ಮಟಗಳು! ತೂತಲ್ಲ, ಹರಿದ ಅಂಚಲ್ಲ. ತಿಳಿಯಾದ, ಒಂದು ಗೀರೂ ಇಲ್ಲದ ಗುಮ್ಮಟಗಳು. ತುಟಿಯ ಅಂಚಿನ ಒಂದೊಂದು ಹುರುಪೆಯೂ, ಮೂಗಿನ ಹೊಳ್ಳೆಯ ಸುತ್ತಿನ ಗೆರೆಯೂ ಹಾಗೇ ಉಳಿದಿತ್ತು. ಬೆನ್ನ ಕಡೆ ಸಣ್ಣ ಹುರುಪೆಗಳ ಓರೆ ಸಾಲು, ಹೊಟ್ಟೆಯಡಿ ಅಡ್ಡಡ್ಡ ಅಗಲ ಪಟ್ಟಿಗಳು. ಈ ಪಟ್ಟಿಗಳ ಸಂಗತಿಯೇ ಬೇರೆ: ಹೆಚ್ಚಿನ ಹಾವುಗಳಲ್ಲಿ ಒಂದು ಪಟ್ಟಿಗೆ ಒಳಗೆ ಒಂದು ಬೆನ್ನುಮೂಳೆಯ ಮಣಿ. ಪೊರೆಯ ಹೊಟ್ಟೆಪಟ್ಟಿ ಎಣಿಸಿದರೆ, ಹೊರಟುಹೋದ ಹಾವಿನ ಮುಂಡದ ಮೂಳೆಗಳನ್ನು ಎಣಿಸಿದಂತೆ. ಕೇರೆಗೆ ಅವು ಇನ್ನೂರರ ಆಸುಪಾಸು.

ಇಷ್ಟೇ ಅಲ್ಲ, ಹಾವು ಯಾವ ಕಡೆ ಹೋಯಿತು ಎಂಬುದನ್ನೂ ಪೊರೆ ಹೇಳುತ್ತದೆ! ಪೊರೆ ಬಿಡುವ ಹೊತ್ತಿಗೆ ಹಾವು ಮೂತಿಯನ್ನು ಒರಟು ಕಲ್ಲಿಗೆ, ತೊಗಟೆಗೆ ಉಜ್ಜುತ್ತದೆ. ತುಟಿಯ ಅಂಚಿನಲ್ಲಿ ಹಳೆಯ ಚರ್ಮ ಬಿಟ್ಟುಕೊಂಡು ಹಿಂದಕ್ಕೆ ಮಡಚಿ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹಾವು ಮುಂದೆ ಮುಂದೆ ಹರಿಯುತ್ತದೆ, ಕಾಲುಚೀಲ ಬಿಚ್ಚುವಾಗ ಒಳಮೈ ಹೊರಗಾಗುವ ಹಾಗೆ ಪೊರೆ ಬುಡಮೇಲಾಗುತ್ತ ಕಳಚಿಕೊಳ್ಳುತ್ತದೆ. ಕೊನೆಗೆ ಬಿಡುವುದು ಬಾಲದ ತುದಿ. ಹಾಗಾಗಿ ಯಾರೂ ಎಳೆದಾಡದ ಪೊರೆಯಲ್ಲಿ ಬಾಲ ಯಾವ ದಿಕ್ಕಿಗಿದೆಯೋ ಹಾವು ಹೋದದ್ದು ಅತ್ತ. ನಾವು ಕೈಯಲ್ಲಿ ಹಿಡಿದು ಸವರುವುದು ಹಾವಿನ ಹೊರಮೈಯನ್ನಲ್ಲ, ಒಳಮೈಯನ್ನು. ಹುರುಪೆಗಳ ನಡುವೆ ಮಡಚಿಟ್ಟಿದ್ದ ಚರ್ಮವೂ ಹಿಗ್ಗಿಕೊಳ್ಳುವುದರಿಂದ ಪೊರೆ ಹಾವಿಗಿಂತ ಉದ್ದವಾಗಿರುತ್ತದೆ. "ಇಷ್ಟುದ್ದ ಹಾವು" ಎಂದು ಪೊರೆ ಅಳೆದು ಬೆಚ್ಚಿಬೀಳುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಯಾವ ಹಾವು ಎಂದು ಹೇಳುವುದಕ್ಕೂ ಗುರುತುಗಳಿವೆ. ಬೆನ್ನ ನಡುಸಾಲಿನಲ್ಲಿ ಉಳಿದವುಗಳಿಗಿಂತ ದೊಡ್ಡ ಆರು ಮೂಲೆಯ ಹುರುಪೆಗಳಿದ್ದು, ಬಾಲದಡಿಯ ಪಟ್ಟಿಗಳು ಇಬ್ಭಾಗವಾಗದೆ ಇಡಿಯಾಗಿದ್ದರೆ ಅದು ಕಟ್ಟುಹಾವಿನದು. ತಲೆಯ ಮೇಲೆಲ್ಲ ಚಿಕ್ಕ ಚಿಕ್ಕ ಹುರುಪೆ, ಮೈಯ ಹುರುಪೆಯ ನಟ್ಟನಡುವೆ ಎದ್ದ ಏಣು ಇದ್ದರೆ ಕೊಳಕುಮಂಡಲ ಅಥವಾ ಅದರ ಬಳಗದ್ದು. ಕೆಳತುಟಿಯ ಹುರುಪೆಗಳ ನಡುವೆ ಬೆಣೆ ಹೊಡೆದಂತೆ ಒಂದು ಪುಟ್ಟ ತ್ರಿಕೋನ ಸಿಕ್ಕಿತೋ, ಅದು ನಾಗರ. ಒಣಗಿದ ಪೊರೆಯ ತುಟಿಯಲ್ಲಿ ಆ ತ್ರಿಕೋನವನ್ನು ಮೊದಲ ಸಲ ಕಂಡಾಗ ಆಗುವ ಪುಳಕವನ್ನು ನಾನು ಯಾರಿಗೂ ವಿವರಿಸಲಾರೆ.

ಈಗ ಚರ್ಮದ ಒಳಗಿನ ಕತೆ. ಹಳೆಯದು ಹರಿದ ಮೇಲೆ ಹೊಸದು ಬೆಳೆಯುವುದಿಲ್ಲ. ಹಳೆಯ ಚರ್ಮ ಮೈಮೇಲೆ ಇರುವಾಗಲೇ ಅದರ ಕೆಳಗೆ ಇನ್ನೊಂದು ಪೂರ್ತಿ ಹೊರಚರ್ಮ ತಯಾರಾಗುತ್ತದೆ, ಪದರದ ಮೇಲೆ ಪದರ, ಒಟ್ಟು ಆರು ಬಗೆಯ ಪದರ! ಮೇಲೆ ಗಟ್ಟಿ ಕೆರಾಟಿನ್, ಕೆಳಗೆ ಬಾಗುವ ಕೆರಾಟಿನ್, ಇವೆರಡರ ನಡುವೆ ಕೊಬ್ಬಿನಂಶ ತುಂಬಿದ ಒಂದು ತೆಳುಪದರ. ಮೈಯ ನೀರು ಹೊರಗೆ ಆರಿಹೋಗದಂತೆ ತಡೆಯುವುದು ಮುಖ್ಯವಾಗಿ ಈ ನಡುಪದರವೇ. ಕೆಲವು ದಿನಗಳ ಮಟ್ಟಿಗೆ ಹಾವು ಎರಡು ಚರ್ಮ ತೊಟ್ಟಿರುತ್ತದೆ. ಆಗ ಹಳೆಯದಕ್ಕೂ ಹೊಸದಕ್ಕೂ ನಡುವೆ ದ್ರವ ಒಸರಿ ಎರಡನ್ನೂ ಬೇರ್ಪಡಿಸುತ್ತದೆ. ಮೈಬಣ್ಣ ಮಂಕಾಗುತ್ತದೆ, ಹೊಟ್ಟೆಯ ಕಡೆ ಬಿಳಿಚಿಕೊಳ್ಳುತ್ತದೆ, ಕಣ್ಣು ಮಸುಕು ನೀಲಿಗೆ ತಿರುಗುತ್ತದೆ. ಆ ದಿನಗಳಲ್ಲಿ ಹಾವಿಗೆ ಸರಿಯಾಗಿ ಕಾಣುವುದಿಲ್ಲ, ಹೊಟ್ಟೆಗೆ ಬೇಡ, ಅವಿತು ಕೂರುತ್ತದೆ. ಆಮೇಲೆ, ಇದೇ ನನಗೆ ಎಲ್ಲಕ್ಕಿಂತ ಸೋಜಿಗ, ಪೊರೆ ಬಿಡುವ ಮುಂಚೆಯೇ ಕಣ್ಣು ಮತ್ತೆ ತಿಳಿಯಾಗುತ್ತದೆ! ಏನೂ ಆಗಿಯೇ ಇಲ್ಲ ಎಂಬಂತೆ ಕೆಲವು ದಿನ ಓಡಾಡಿ, ಆಮೇಲೆ ಒಂದು ಹೊತ್ತಿನಲ್ಲಿ ಮೂತಿ ಉಜ್ಜಿ ಹೊರಬರುತ್ತದೆ.

ಆ ಕಣ್ಣಿನ ಹುರುಪೆಯಲ್ಲಿ ರಕ್ತನಾಳಗಳಿವೆ ಎಂದರೆ ನಂಬುತ್ತೀರಾ? ನೋಟಕ್ಕೆ ಅಡ್ಡ ಬರುವ ಜಾಗದಲ್ಲೇ ರಕ್ತ! ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಕೆವಿನ್ ವ್ಯಾನ್ ಡೂರ್ನ್ ಅಮೆರಿಕದ ಕೋಚ್‌ವಿಪ್ ಹಾವುಗಳ ಕಣ್ಣು ಹೇಗೆ ದೂರ ಹತ್ತಿರಕ್ಕೆ ಹೊಂದಿಕೊಳ್ಳುತ್ತದೆ ಎಂದು ನೋಡಲು ಹೋದವರು, ಈ ನಾಳಗಳಲ್ಲಿ ರಕ್ತ ಬಂದು ಬಂದು ನಿಲ್ಲುವುದನ್ನು ಕಂಡರು. ಅದನ್ನೇ ಬೆನ್ನುಹತ್ತಿ 2013ರಲ್ಲಿ ಸಹಸಂಶೋಧಕ ಜೇಕಬ್ ಸಿವಾಕ್ ಜೊತೆ ಪ್ರಕಟಿಸಿದರು. ಹಾವು ನಿರಾಳವಾಗಿದ್ದಾಗ ಆಗಾಗ ರಕ್ತ ಹರಿದು ನಿಲ್ಲುತ್ತದೆ. ಎದುರಿಗೆ ಅಪಾಯ ಕಂಡರೆ ನಾಳಗಳು ಮುದುರಿಕೊಂಡು ರಕ್ತ ಬರುವುದು ಕಡಿಮೆಯಾಗುತ್ತದೆ, ನೋಟ ತಿಳಿಯಾಗಲೆಂದು. ಆದರೆ ಪೊರೆ ಹೊಸದಾಗುವ ದಿನಗಳಲ್ಲಿ ಹರಿವು ಜೋರಾಗಿ, ಎಡೆಬಿಡದೆ ನಡೆಯುತ್ತದೆ. ಆ ಹೊತ್ತಿನಲ್ಲಿ ಹಾವಿನ ದೇಹಕ್ಕೆ ನೋಟಕ್ಕಿಂತ ಹೊಸ ಕಣ್ಣು ಕಟ್ಟುವುದೇ ದೊಡ್ಡ ಕೆಲಸ.

ಇಷ್ಟೆಲ್ಲ ತಿಳಿದ ಮೇಲೆ ಕೋಲಾರ ಜಿಲ್ಲೆಯ ಹಾವುಗಳ ಬಗ್ಗೆ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಈ ಕೆಲಸಕ್ಕೆಲ್ಲ ಬೇಕಾದದ್ದು ತೇವ. ಮೈಯೊಳಗೆ ನೀರು ಸಾಲದಿದ್ದರೆ, ಸುತ್ತಲ ಗಾಳಿ ತೀರಾ ಒಣಗಿದ್ದರೆ, ಪೊರೆ ಇಡಿಯಾಗಿ ಬಿಡದೆ ತುಂಡು ತುಂಡಾಗಿ ಮೈಗೆ ಅಂಟಿಕೊಳ್ಳುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದರೆ ಹೇಳಿಕೇಳಿ ಬರದ ಸೀಮೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ, ಕೆರೆಯನ್ನೇ ನಂಬಿದ ನೆಲ. ಏಪ್ರಿಲ್ ಮಧ್ಯಾಹ್ನ ಮುಳಬಾಗಿಲಿನ ಬಂಡೆಗಳ ಮೇಲೆ ಗಾಳಿ ಬೀಸಿದರೆ ತುಟಿ ಒಡೆಯುತ್ತದೆ. ಅಂಥ ಕಡೆ ನಾಗರ ಹಾವು ಕಣ್ಣಿನ ಗುಮ್ಮಟದ ಸಮೇತ ಮೂತಿಯಿಂದ ಬಾಲದವರೆಗೆ ಒಂದೇ ಪೊರೆಯನ್ನು ಹೇಗೆ ಬಿಡುತ್ತದೆ?

ಉತ್ತರ ಊರೂರಿನ ಹೊರಗೆ ಕೆಂಪಗೆ ಎದ್ದು ನಿಂತಿತ್ತು. ಹುತ್ತ!

ಹುತ್ತ ಕಟ್ಟುವುದು ಹಾವಲ್ಲ, ಗೆದ್ದಲು. ನಮ್ಮ ಕೆಂಪುಮಣ್ಣಿನಲ್ಲಿ ಗೋಪುರದಂಥ ಹುತ್ತ ಎಬ್ಬಿಸುವ ಓಡೊಂಟೊಟರ್ಮಿಸ್ ಗೆದ್ದಲುಗಳು ಒಳಗೆ ಬೇಸಾಯ ಮಾಡುತ್ತವೆ. ಜಗಿದ ಕಟ್ಟಿಗೆ, ತರಗೆಲೆಯ ಹದದ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಮುಂಗಾರು ಬಿದ್ದ ಮೇಲೆ ಹುತ್ತದ ಬಳಿ ಏಳುವ ಅಣಬೆಯನ್ನು ಕಿತ್ತು ಸಾರು ಮಾಡಿದವರೆಲ್ಲ ಈ ಬೇಸಾಯದ ಫಲವನ್ನು ಉಂಡವರೇ. ಆ ಶಿಲೀಂಧ್ರಕ್ಕೆ ಒಣಗಾಳಿ ತಗುಲಬಾರದು. ಗೆದ್ದಲಿನ ತೆಳು ಮೈಗಂತೂ ತಗುಲಲೇಬಾರದು. ಅದಕ್ಕೇ ಅವು ಆಳದಿಂದ ತೇವ ತಂದು, ಗೋಡೆ ಮೆತ್ತಿ, ಹೊರಗೆ ಬಿಸಿಲು ಎಷ್ಟೇ ಸುಡಲಿ, ಒಳಗೆ ತಂಪು ಮತ್ತು ಗಾಳಿತುಂಬ ತೇವ ಕಾಪಾಡಿಕೊಳ್ಳುತ್ತವೆ. ಈ ಒದ್ದೆ ಮನೆಯ ಬಿಲಗಳಲ್ಲಿ ನಾಗರ ಬಂದು ಸೇರುತ್ತದೆ. ಬಾಯಿಯ ಅಂಚು ಒರಟು ಮಣ್ಣು, ಒಳಗೆ ತೇವ. ಪೊರೆ ಬಿಡಲು ಇದಕ್ಕಿಂತ ಇನ್ನೇನು ಬೇಕು? ವಿದೇಶದಲ್ಲಿ ಹಾವು ಸಾಕುವವರು ಮುಚ್ಚಳವಿರುವ ಡಬ್ಬಿಗೆ ಬಾಗಿಲು ಕೊರೆದು, ಒಳಗೆ ಒದ್ದೆ ಪಾಚಿ ಹಾಸಿ, ಹಾವಿನ ಪೆಟ್ಟಿಗೆಯಲ್ಲಿಡುತ್ತಾರೆ. ಅದೇ ಏರ್ಪಾಡು ನಮ್ಮ ನೆಲದಲ್ಲಿ ಲಕ್ಷಾಂತರ ವರ್ಷಗಳಿಂದ ನಡೆದುಕೊಂಡು ಬಂದಿದೆ! ಹುತ್ತದ ಮೇಲೆ ಬಿದ್ದ ಹಾವಿನ ಪೊರೆಯ ಮಾತು ಬೃಹದಾರಣ್ಯಕ ಉಪನಿಷತ್ತಿನಲ್ಲೇ ಬರುತ್ತದೆ. ಆ ಮಾತು ಹೇಳಿದವರು ಯಾವುದೋ ಒಂದು ಹುತ್ತದ ಮುಂದೆ ನಿಂತು ಇದೇ ದೃಶ್ಯವನ್ನು ಕಂಡಿದ್ದರಲ್ಲವೇ!

ಹುತ್ತವೊಂದೇ ಅಲ್ಲ. ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಬಸವನ ಬಾಯಿಂದ ವರ್ಷವಿಡೀ ನೀರು ಸುರಿಯುತ್ತದೆ. ಅಲ್ಲಿಯ ಬಂಡೆ ಬಂಡೆಗಳ ನಡುವಿನ ಸಂದಿಗೆ ಕೈ ಚಾಚದೆ ಸುಮ್ಮನೆ ಮುಖವೊಡ್ಡಿ, ತಣ್ಣನೆ ಗಾಳಿ ತಾಕುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದು ಕೆರೆಗಳು ತುಂಬಿದ ಮೇಲೆ ಏರಿಯ ಕಲ್ಲುಕಟ್ಟಡದಲ್ಲೂ ತೇವವಿದೆ. ಕೆರೆದಂಡೆಯಲ್ಲಿ ನಡೆಯುವವರು ನೀರುಹಾವಿನ ಪೊರೆ ಹುಡುಕಿ ನೋಡಬಹುದು, ಕೈಗೆ ಕೋಲು ಮತ್ತು ಕಾಲಿಗೆ ಬೂಟು ಇರಲಿ.

ಹಾಗಾದರೆ ಪೊರೆ ಸರಿಯಾಗಿ ಬಿಡದ ಹಾವು ಎಲ್ಲಿ ಸಿಗುತ್ತದೆ? ಗಾಯಗೊಂಡದ್ದು, ಬಲೆಗೆ ಸಿಕ್ಕದ್ದು, ಉಣ್ಣೆ ಹತ್ತಿದ್ದು ಕಾಡಿನಲ್ಲೂ ಇರಬಹುದು, ಆದರೆ ಹೆಚ್ಚಾಗಿ ಮನುಷ್ಯನ ಕೈಯಲ್ಲಿ. ಹಾವಾಡಿಗರ ಬುಟ್ಟಿಯ ಕಾಲ ನೆನೆಸಿಕೊಂಡರೆ ಸಂಕಟವಾಗುತ್ತದೆ. ನೀರಿಲ್ಲದ ಒಣಬುಟ್ಟಿ, ಉಜ್ಜಲು ಕಲ್ಲಿಲ್ಲ, ದಿನವೆಲ್ಲ ಬಿಸಿಲಿನ ರಸ್ತೆ. ನಾಗರಪಂಚಮಿಯಂದು ಆ ಬುಟ್ಟಿಯ ಹಾವು ಹಾಲು ಕುಡಿದರೆ ದೇವರ ಮಹಿಮೆಯಲ್ಲ, ಬಾಯಾರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಗರ, ಕೇರೆ, ಮಣ್ಣುಮುಕ್ಕ, ಹೆಬ್ಬಾವು ಹೀಗೆ ನಮ್ಮ ನೆಲದ ಹಾವುಗಳನ್ನು ಹಿಡಿದು ಸಾಕುವುದು ಅಪರಾಧ. ಅದು ಸರಿಯಾದ ಕಾನೂನು ಎಂದು ಪೊರೆಯನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಇನ್ನಷ್ಟು ಗಟ್ಟಿಯಾಗಿ ಅನ್ನಿಸುತ್ತದೆ.

ಕಾನೂನಿನ ಒಪ್ಪಿಗೆಯೊಂದಿಗೆ ಹಾವು ಹಿಡಿದಿಡುವವರೂ ಇದ್ದಾರೆ. ತಮಿಳುನಾಡಿನಲ್ಲಿ 1978ರಲ್ಲಿ ಹುಟ್ಟಿದ ಇರುಳ ಬುಡಕಟ್ಟಿನವರ ಸಹಕಾರ ಸಂಘ ಹಾವಿನ ವಿಷ ತೆಗೆದು ಪ್ರತಿವಿಷದ ತಯಾರಿಕೆಗೆ ಕೊಡುತ್ತಿದೆ. ಅವರು ಹಾವನ್ನು ಇಡುವುದು ಮಣ್ಣಿನ ಮಡಕೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿ. ಕೆಲವು ವಾರ ಇಟ್ಟು ಮತ್ತೆ ಕಾಡಿಗೆ ಬಿಡುತ್ತಾರೆ. ಬುಟ್ಟಿಗೂ ಮಡಕೆಗೂ ಎಷ್ಟು ವ್ಯತ್ಯಾಸ ನೋಡಿ! ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರಿನವರಿಗೆ ಸುಟ್ಟ ಮಣ್ಣು ತಂಪು ಹಿಡಿದಿಡುವುದನ್ನು ಹೇಳಿಕೊಡಬೇಕಾಗಿಲ್ಲ. ಇರುಳರ ಹಾವಿನ ಜ್ಞಾನಕ್ಕೆ ಸಂದ ಗೌರವವಾಗಿ ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಇನ್ನು ಮನೆಯಲ್ಲಿ ಸಾಕುವ ಹಾವು. ಬೆಂಗಳೂರಿನಂಥ ನಗರಗಳಲ್ಲಿ ಪಶ್ಚಿಮ ಆಫ್ರಿಕಾ ಮೂಲದ ಬಾಲ್ ಪೈಥಾನ್ ಸಾಕುವವರಿದ್ದಾರೆ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ಇಂಥ ಪ್ರಾಣಿಗಳನ್ನು 2024ರ ನಿಯಮಗಳ ಪ್ರಕಾರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ತೇವದ ನಾಡಿನ ಆ ಹಾವನ್ನು ಎ.ಸಿ. ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ, ಅಥವಾ ನಮ್ಮ ಬಯಲುಸೀಮೆಯ ಬೇಸಿಗೆಗೆ ತಂದರೆ, ಪೊರೆ ಅಂಟಿಕೊಳ್ಳುವುದು ಸಹಜ. ಆಗ ಮೊದಲು ಬರುವ ಆಸೆ ಬೆರಳಿನಿಂದ ಸುಲಿಯುವುದು. ದಯವಿಟ್ಟು ಬೇಡ! ಎರಡು ಚರ್ಮಗಳ ನಡುವೆ ದ್ರವ ಇನ್ನೂ ತನ್ನ ಕೆಲಸ ಮುಗಿಸಿರದಿದ್ದರೆ, ಹಳೆಯದನ್ನು ಎಳೆದಾಗ ಹೊಸದೂ ಕಿತ್ತು ಬರುತ್ತದೆ. ಕಣ್ಣು ನೀಲಿಯಾಗಿರುವಾಗ ಮುಟ್ಟಲೇಬಾರದು. ಪೊರೆ ಬಿಟ್ಟು ತುಂಡುಗಳು ಉಳಿದಿವೆ ಎಂದು ಖಚಿತವಾದ ಮೇಲೆ ಮಾತ್ರ ನೆರವು.

ಆ ನೆರವು ಎಷ್ಟು ಸರಳವೆಂದರೆ ಆಶ್ಚರ್ಯವಾಗುತ್ತದೆ. ಗಾಳಿಯಾಡುವ ಮುಚ್ಚಳದ ಡಬ್ಬಿಯಲ್ಲಿ ಉಗುರುಬೆಚ್ಚಗಿನ ನೀರು, ಹಾವಿನ ಮೈಯ ಅರ್ಧ ಎತ್ತರಕ್ಕೆ ಬಂದರೆ ಸಾಕು, ತಲೆ ಮುಳುಗಬಾರದು. ಅರ್ಧ ಗಂಟೆಯಷ್ಟು ಹೊತ್ತು, ಪಕ್ಕದಲ್ಲೇ ಕೂತು ನೋಡಿಕೊಳ್ಳಬೇಕು. ಆಮೇಲೆ ಒದ್ದೆ ಟವೆಲಿನ ಮಡಿಕೆಗಳ ನಡುವೆ ಹಾವನ್ನು ಬಿಟ್ಟರೆ, ಅದೇ ನುಸುಳಿ ನುಸುಳಿ ಹೊರಬರುತ್ತದೆ. ನೆನೆದ ಪೊರೆ ಬಟ್ಟೆಯ ಒರಟಿಗೆ ಸಿಕ್ಕಿ ಹಿಂದೆ ಉಳಿಯುತ್ತದೆ. ಕಲ್ಲು ಮಾಡುವ ಕೆಲಸ ಟವೆಲು ಮಾಡುತ್ತದೆ, ಹುತ್ತ ಮಾಡುವ ಕೆಲಸ ಡಬ್ಬಿ. ಸಾಕಿದವರ ಪಾಲಿಗೆ ಉಳಿಯುವುದು ತಾಳ್ಮೆ.

ಬಾಲದ ತುದಿಯನ್ನು ಮಾತ್ರ ಮರೆಯಬಾರದು. ಅಲ್ಲಿ ಉಳಿದ ಪೊರೆ ಒಣಗಿ ಉಂಗುರವಾಗಿ ಬಿಗಿದರೆ ರಕ್ತ ನಿಂತು ತುದಿ ಸತ್ತುಹೋಗುತ್ತದೆ. ಕಣ್ಣಿನ ಹುರುಪೆ ಉಳಿದಿದ್ದರೆ ಚಿಮುಟ ಹಿಡಿಯುವ ಯೋಚನೆಯೇ ಬೇಡ. ಕೆಳಗಿರುವುದು ಹಸಿ ಹೊಸ ಕಣ್ಣು, ಗೀರಿದರೆ ಕುರುಡಾಗಬಹುದು. ತೇವ ಹೆಚ್ಚಿಸಿ ಕಾದರೆ ಎಷ್ಟೋ ಸಲ ಮುಂದಿನ ಪೊರೆಯ ಜೊತೆ ಅದೂ ಬಿಟ್ಟುಹೋಗುತ್ತದೆ. ಬಿಡದಿದ್ದರೆ ಸರೀಸೃಪ ಬಲ್ಲ ಪಶುವೈದ್ಯರ ಬಳಿ ಹೋಗಬೇಕು. ಮತ್ತೆ ಮತ್ತೆ ಹೀಗೇ ಆಗುತ್ತಿದ್ದರೆ ದೋಷ ಪೊರೆಯದಲ್ಲ, ಗಾಳಿಯ ತೇವ, ಕುಡಿಯುವ ನೀರು, ಉಣ್ಣೆ, ಆಹಾರ, ಹಳೆಯ ಗಾಯ, ಇವುಗಳಲ್ಲಿ ಎಲ್ಲೋ ಇದೆ.

ಅಂಗಳಕ್ಕೆ ಬಂದ ಕಾಡುಹಾವಿನ ವಿಷಯದಲ್ಲಿ ಈ ಯಾವ ಉಪಚಾರವೂ ನಮ್ಮ ಕೆಲಸವಲ್ಲ. ರಾಗಿ ಮೆದೆಯ ಬಳಿ, ರೇಷ್ಮೆಮನೆಯ ಹಿಂದೆ ಮಂಕುಮೈಯ, ನೀಲಿಗಣ್ಣಿನ ಹಾವು ಅಲುಗಾಡದೆ ಬಿದ್ದಿದ್ದರೆ ಅದಕ್ಕೆ ಕಾಯಿಲೆಯೆಂದು ಅರಿಶಿನ ನೀರು, ಹಾಲು ಎರಚಬೇಡಿ. ಅದು ಹೊಸ ಕಣ್ಣು ಕಟ್ಟುತ್ತಿದೆ! ಸರಿಯಾಗಿ ಕಾಣದ್ದರಿಂದ ನೆರಳು ಅಲುಗಿದರೂ ಕಚ್ಚಲು ಬರಬಹುದು, ದೂರವಿರಿ. ಇರಲೇಬಾರದ ಜಾಗವಾದರೆ ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಪೊರೆಯ, ಕಣ್ಣಿನ ಯೋಚನೆ ಬಿಟ್ಟು ನೇರ ಆಸ್ಪತ್ರೆಗೆ. ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು 2024ರಿಂದ ಆದೇಶವಿದೆ.

ಮರಿಗಳ ಸಂಗತಿ ಹೇಳದೆ ಇರಲಾರೆ. ನಾಗರದ ಮರಿ ಮೊಟ್ಟೆಯಿಂದ ಬರುತ್ತದೆ, ಕೊಳಕುಮಂಡಲ ಮರಿಯನ್ನೇ ಹಾಕುತ್ತದೆ. ಹೇಗೆ ಬಂದರೂ ಮರಿಯ ಮೊದಲ ದೊಡ್ಡ ಕೆಲಸ ಪೊರೆ ಬಿಡುವುದು, ಹುಟ್ಟಿದ ಕೆಲವೇ ದಿನಗಳಲ್ಲಿ. ಬೆಳೆದದ್ದೇ ಎಷ್ಟು, ಆಗಲೇ ಚರ್ಮ ಬಿಗಿಯಾಯಿತೇ? 2002ರಲ್ಲಿ ಅಮೆರಿಕದಲ್ಲಿ ಕಿಂಗ್‌ಸ್ನೇಕ್ ಮರಿಗಳನ್ನು ಅಳೆದು ನೋಡಿದಾಗ ಗುಟ್ಟು ಬಯಲಾಯಿತು: ಮೊದಲ ಪೊರೆ ಬಿಟ್ಟ ಮೇಲೆ ಮೈಯ ನೀರು ಆರಿಹೋಗುವುದನ್ನು ತಡೆಯುವ ಶಕ್ತಿ ಸುಮಾರು ಎರಡು ಪಟ್ಟಾಗಿತ್ತು! ಮೊಟ್ಟೆಯೊಳಗೆ ಒದ್ದೆಯಲ್ಲಿದ್ದ ಮರಿಗೆ ಒಣಲೋಕದ ಚರ್ಮ ಸಿಗುವುದು ಆ ಮೊದಲ ಪೊರೆಯಲ್ಲಿ. ಕೋಲಾರದಂಥ ಸೀಮೆಯಲ್ಲಿ ಹುಟ್ಟುವ ಮರಿಗೆ ಆ ಮೊದಲ ಕೆಲವು ದಿನಗಳು ಎಂಥ ದಿನಗಳಾಗಿರಬೇಕು!

ಹಾವು ಬಿಟ್ಟುಹೋದ ಮೇಲೂ ಪೊರೆಗೆ ಕೆಲಸ ಮುಗಿಯುವುದಿಲ್ಲ. ಅಮೆರಿಕದ ಗ್ರೇಟ್ ಕ್ರೆಸ್ಟೆಡ್ ಫ್ಲೈಕ್ಯಾಚರ್ ಹಕ್ಕಿ ಅದನ್ನು ಹುಡುಕಿ ತಂದು ಪೊಟರೆಯ ಗೂಡಿಗೆ ಹಾಸುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದವರು ಗೂಡುಪೆಟ್ಟಿಗೆಗಳಲ್ಲಿ ಮೊಟ್ಟೆಯ ಜೊತೆ ಪೊರೆಯಿಟ್ಟು ನೋಡಿದಾಗ, ಮೊಟ್ಟೆ ಕದಿಯುವ ಸಣ್ಣ ಪ್ರಾಣಿಗಳ ಕಾಟ ಕಡಿಮೆಯಾದದ್ದು ಕಂಡುಬಂತು. ನಮ್ಮ ಗೊರವಂಕವೂ ಗೂಡಿಗೆ ಹಾವಿನ ಪೊರೆ ತರುವ ಹಕ್ಕಿಯೇ! ಅದು ಬರೀ ಸಿಕ್ಕಿದ್ದನ್ನು ತುರುಕುವ ಚಟವೋ, ಅಥವಾ ಅಳಿಲು, ಇಲಿಗಳನ್ನು ಹೆದರಿಸುವ ಉಪಾಯವೋ? ಕೋಲಾರ, ಮುಳಬಾಗಿಲಿನ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರೇ, ಮರದ ಕೆಲವು ಪೆಟ್ಟಿಗೆ, ಅಂಗಡಿಯಲ್ಲಿ ಸಿಗುವ ಕ್ವೇಲ್ ಮೊಟ್ಟೆ, ಒಂದು ಮಾವಿನ ತೋಪು. ಇಷ್ಟಿದ್ದರೆ ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಅರ್ಧ ಪೆಟ್ಟಿಗೆಗಳಿಗೆ ಪೊರೆ ಹಾಕಿ, ಇನ್ನರ್ಧಕ್ಕೆ ಹಾಕಬೇಡಿ. ಹಕ್ಕಿಗಳು ಗೂಡು ಕಟ್ಟುವ ಕಾಲ ಶುರುವಾಗುವ ಮುಂಚೆಯೇ ಕಲ್ಲುಬದು, ಹುತ್ತಗಳ ಸುತ್ತ ಪೊರೆ ಹುಡುಕಿಟ್ಟುಕೊಳ್ಳಿ. ಪ್ರತಿ ಪೊರೆಯ ತುಟಿಯಲ್ಲಿ ನಾಗರದ ಆ ಪುಟ್ಟ ತ್ರಿಕೋನ ಇದೆಯೇ ಎಂದು ನೋಡಿ ಬರೆದುಕೊಳ್ಳುವುದನ್ನು ಮರೆಯಬೇಡಿ.